ಸಹಾಯಕ ಕೋಚ್ ಇದ್ರೆಷ್ಟು, ಬಿಟ್ರೆಷ್ಟು?

ಪಶ್ಚಿಮದ ಮೆಟ್ಟಿಲು:
ಮೊನ್ನೆ ನಮ್ಮ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಮ್ಯಾಚ್ ಮುಗಿಸಿ ಕಂಠೀರವದಿಂದ ಕಬ್ಬನ್ ಪಾರ್ಕ್ ಮೆಟ್ರೋವರೆಗೂ ಭಾವನ ಜೊತೆ ಇದೇ ಜಗಳ. "ರೆನೆಡಿ ಸಿಂಗ್ ನಮ್ಮ ಸಹಾಯಕ ಕೋಚ್ ಆಗಿ ಬೆಂಚಲ್ಲಿ ಕೂತು ಮಾಡಿದ್ದೇನು, ಅಭ್ಯಾಸಕ್ಕೆ ಕೋನ್ ಜೋಡಿಸಿದ್ದಾ?" ಅಂತಾನೆ. ನಾನು 2009ರ ನೆಹರೂ ಕಪ್ ಫೈನಲ್ ತೆಗೆದೆ: ಸಿರಿಯಾ ಎದುರು 114ನೇ ನಿಮಿಷದಲ್ಲಿ ರೆನೆಡಿ ಭಾರತಕ್ಕೆ ಹೊಡೆದ ಆ ಫ್ರೀಕಿಕ್ ಗೋಲ್! "ಒದೆಯೋದು ಬೇರೆ, ಕಲಿಸೋದು ಬೇರೆ" ಅಂದ್ಬಿಟ್ಟ. ಉತ್ತರ ಹೊಳೀಲಿಲ್ಲ. ನೀವೇನಂತೀರಾ?

ಹಳೇ ನೀಲಿ:
ಭಾವಂಗೆ ಕಾರ್ಲೆಸ್ ಕ್ವಾದ್ರಾತ್ ಹೆಸರು ಹೇಳಿ ಗುರು. ನಮ್ಮ ಕೋಚ್ ಆಗಿದ್ದ ಆಲ್ಬರ್ಟ್ ರೋಕಾ ಪಕ್ಕ ಸಹಾಯಕರಾಗಿದ್ದವರೇ 2018ರಲ್ಲಿ ಮುಖ್ಯ ಕೋಚ್ ಆದ್ರು. ಅದೇ ಸೀಸನ್‌ನಲ್ಲಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಬಂತು. ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ನಮ್ಮ ಡಿಫೆಂಡರ್ ರಾಹುಲ್ ಭೇಕೆ ಹೊಡೆದ ಹೆಡರ್ ಗೋಲ್ ಕಾರ್ನರ್‌ನಿಂದ ಬಂದಿದ್ದು. ಅಂಥದ್ದು ಅಭ್ಯಾಸದಲ್ಲಿ ಬೆವರು ಹರಿಸದೆ ಆಗುತ್ತಾ? (ಅವತ್ತು ಟಿವಿ ಮುಂದೆ ಚಹಾ ಲೋಟ ಒಡೆದೆ, ಅದು ಬೇರೆ ವಿಷಯ.)

ಗೋಲಿಸೋಡಾ:
ಪೂರ್ತಿ ಕಥೆ ಹೇಳಿ ಸಾರ್. 2021ರ ಜನವರಿಯಲ್ಲಿ ಕ್ವಾದ್ರಾತ್ ಹೋದ್ಮೇಲೆ ಸಹಾಯಕ ನೌಷಾದ್ ಮೂಸಾ ಕೈಗೇ ತಂಡ ಬಂತು. ಆ ಸಲ ನಾವು ಏಳನೇ ಸ್ಥಾನ.

ಹಳೇ ನೀಲಿ:
ಮುರಿದ ಬಂಡಿ ಕೊಟ್ಟು ಓಡಿಸು ಅಂದ್ರೆ? 2022ರ ಜನವರಿಯಲ್ಲಿ ಈಸ್ಟ್ ಬೆಂಗಾಲ್ ಅಂಥ ಸ್ಥಿತಿಯಲ್ಲಿದ್ದಾಗ ಅಲ್ಲಿ ಸಹಾಯಕರಾಗಿದ್ದ ಇದೇ ರೆನೆಡಿ ಹಂಗಾಮಿ ಕೋಚ್ ಆಗಿ ಮುಂಬೈ ಸಿಟಿಯನ್ನ 0-0ಕ್ಕೆ ಕಟ್ಟಿಹಾಕಿದ್ರು. ನಮ್ಮನ್ನೂ 1-1ಕ್ಕೆ ನಿಲ್ಲಿಸಿದ್ರು, ಮರೆತ್ರಾ?

ಪಶ್ಚಿಮದ ಮೆಟ್ಟಿಲು:
ಇದನ್ನೇ ಭಾವಂಗೆ ಕಳಿಸಿದೆ. ಬ್ಲೂ ಟಿಕ್ ಬಿದ್ದಿದೆ, ಉತ್ತರ ಇಲ್ಲ.