ಸೀ ಅನಿಮೋನ್: ‘ಕಸಿ’ಯೋ, ‘ಮರಿ’ಯೋ, ‘ಸೀಳು’ವೋ?

ಗೆಳೆಯರೇ,

ಸೀ ಅನಿಮೋನ್ ಅಂದರೆ ಬುಡದ ‘ಪಾದ’ದಿಂದ ಬಂಡೆಗೆ ಅಂಟಿಕೊಂಡು ಕೂರುವ, ಮೇಲೆ ಬಾಯಿಯ ಸುತ್ತ ಹೂವಿನ ಎಸಳಿನಂಥ ಗ್ರಹಣಾಂಗಗಳಿರುವ ಸಮುದ್ರದ ಪ್ರಾಣಿ. ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಒಂದು ಸೀ ಅನಿಮೋನನ್ನು ಎರಡು ಮಾಡುತ್ತಾರಲ್ಲ, ಆ ಕೆಲಸಕ್ಕೆ ಕನ್ನಡದಲ್ಲಿ ಏನನ್ನೋಣ? ಮಡಿಕೇರಿಯಲ್ಲಿ ಹೊಸದಾಗಿ ರೀಫ್ ಟ್ಯಾಂಕ್ (ಹವಳ, ಅನಿಮೋನ್ ಸಾಕುವ ಉಪ್ಪುನೀರಿನ ತೊಟ್ಟಿ) ಇಟ್ಟಿರುವ ಹುಡುಗರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಮಳೆಗಾಲದ ಚಳಿಯಲ್ಲೂ ಹೀಟರ್ ಇಟ್ಟು ನೀರು 25–26 ಡಿಗ್ರಿ, ಇಷ್ಟರವರೆಗೆ ಬರವಣಿಗೆ ಸರಾಗವಾಗಿ ಸಾಗಿತು. ಈ ಪದದ ಹತ್ತಿರ ನಿಂತಿದೆ.

ಇಲ್ಲಿನ ತೋಟದವರ ಬಾಯಿಗೆ ಮೊದಲು ಬರುವುದು ‘ಕಸಿ’. “ಇದನ್ನೂ ಕಸಿ ಮಾಡ್ಬಹುದಾ ಅಣ್ಣ?” ಅಂತ ಕೇಳುತ್ತಾರೆ. ಆದರೆ ಕಸಿಯಲ್ಲಿ ಎರಡು ಗಿಡ ಸೇರಿ ಒಂದಾಗುತ್ತವೆ. ಇಲ್ಲಿ ಒಂದು ಪ್ರಾಣಿ ಎರಡಾಗುತ್ತದೆ. ಪದ ಹೊಂದುವುದಿಲ್ಲ.

‘ಮರಿ ಹಾಕಿತು’ ಅನ್ನುವುದೂ ನನಗೆ ಸರಿ ಕಾಣುವುದಿಲ್ಲ. ಬಬಲ್ ಟಿಪ್ ಅನಿಮೋನ್ (ಗ್ರಹಣಾಂಗದ ತುದಿ ಗುಳ್ಳೆಯಂತೆ ಉಬ್ಬಿರುವ ಜಾತಿ) ತಾನಾಗಿ ಎರಡಾದಾಗ ತಾಯಿ ಯಾವುದು, ಮರಿ ಯಾವುದು ಅಂತ ಹೇಳಲು ಬರುವುದಿಲ್ಲ. ಎರಡೂ ಅದೇ ಜೀವದ ಪಾಲು. ಜೊತೆಗೆ, ಅನಿಮೋನ್‌ಗಳು ಮೊಟ್ಟೆ ಮತ್ತು ವೀರ್ಯವನ್ನು ನೀರಿಗೆ ಬಿಟ್ಟು ಲಾರ್ವಾ ಹುಟ್ಟುವುದೂ ಉಂಟು. ‘ಮರಿ’ಯನ್ನು ಅದಕ್ಕೇ ಉಳಿಸಿಕೊಳ್ಳೋಣ.

ನನ್ನ ಒಲವು ‘ಸೀಳು’ ಕಡೆಗೆ. ಸೌದೆಯನ್ನು ಉದ್ದಕ್ಕೆ ಸೀಳುತ್ತೇವೆ, ಅಡ್ಡಕ್ಕೆ ತುಂಡು ಮಾಡುತ್ತೇವೆ. ಈ ವ್ಯತ್ಯಾಸ ಇಲ್ಲಿ ತುಂಬಾ ಮುಖ್ಯ. ಬಬಲ್ ಟಿಪ್ ಒಡೆಯುವುದು ಪಾದದಿಂದ ಬಾಯಿಯವರೆಗೆ, ಉದ್ದಕ್ಕೆ. ಬ್ಲೇಡ್ ಹಿಡಿದು ಮಾಡುವವರೂ ಬಾಯಿಯ ಮಧ್ಯದಿಂದಲೇ ಕೊಯ್ಯುತ್ತಾರೆ. ಆಗ ಎರಡು ಅರ್ಧಕ್ಕೂ ಅಷ್ಟು ಬಾಯಿ, ಅಷ್ಟು ಪಾದ ಸಿಗುತ್ತದೆ. ಅಂಚುಗಳು ಒಳಕ್ಕೆ ಸುರುಳಿಯಾಗಿ ಕೂಡಿಕೊಂಡು, ಒಂದೆರಡು ವಾರದಲ್ಲಿ ಗಾಯ ಮಾಯುತ್ತದೆ. ‘ತುಂಡು ಮಾಡಿ’ ಅಂತ ಬರೆದರೆ ಯಾರೋ ಅಡ್ಡಕ್ಕೆ ಕೊಯ್ದುಬಿಡಬಹುದು. ಒಂದು ತುಂಡಿಗೆ ಬಾಯಿ ಇರುವುದಿಲ್ಲ, ಇನ್ನೊಂದಕ್ಕೆ ಕಲ್ಲು ಹಿಡಿದು ಕೂರಲು ಪಾದ ಇರುವುದಿಲ್ಲ. ಶಾಲೆಯ ಪುಸ್ತಕದ ‘ದ್ವಿವಿದಳನ’ ತಪ್ಪಲ್ಲ, ಆದರೆ ಬ್ಲೇಡ್ ಯಾವ ಕಡೆಗೆ ಹೋಗಬೇಕು ಅಂತ ಅದು ಹೇಳುವುದಿಲ್ಲ. ತಾನಾಗಿ ಆದರೆ ‘ಸೀಳಿಕೊಂಡಿತು’, ನಾವು ಮಾಡಿದರೆ ‘ಸೀಳಿದೆವು’. ಇಷ್ಟು ಸಾಕಲ್ವಾ? (ಬಣ್ಣ ಕಳೆದುಕೊಂಡು ಬೆಳ್ಳಗಾದದ್ದನ್ನು, ಈಗಷ್ಟೇ ತಂದದ್ದನ್ನು ದಯವಿಟ್ಟು ಸೀಳಬೇಡಿ. ಪದ ಯಾವುದೇ ಇರಲಿ, ಆ ಪ್ರಾಣಿ ತಡೆಯುವುದಿಲ್ಲ.)

ನಿಜವಾದ ತೊಡಕು ಐಪ್ಟೇಸಿಯಾದ್ದು. ಟ್ಯಾಂಕ್ ಇಟ್ಟವರಿಗೆಲ್ಲ ತಲೆನೋವಾಗಿರುವ ಸಣ್ಣ ಅನಿಮೋನ್ ಇದು. ಜಾಗ ಬದಲಿಸುವಾಗ ಪಾದದ ಚೂರು ಕಲ್ಲಿನ ಮೇಲೆ ಉಳಿದರೂ ಅದೇ ಬೆಳೆದು ಇನ್ನೊಂದು ಅನಿಮೋನ್ ಆಗುತ್ತದೆ. ಕೆರೆದು ತೆಗೆಯಲು ಹೋದರೆ ಇನ್ನೂ ಜಾಸ್ತಿ. ಇದನ್ನು ‘ಸೀಳು’ ಅನ್ನಲಾಗದು. ಬಾಳೆಯ ‘ಕಂದು’ ನೆನಪಾಯಿತು, ಬುಡದಿಂದ ಬರುವುದು ಅನ್ನುವ ಅರ್ಥವೂ ಹತ್ತಿರದ್ದೇ. ಆದರೆ ಬಾಳೆಯ ಕಂದು ತಾಯಿಗೆ ಅಂಟಿಕೊಂಡೇ ಬೆಳೆಯುತ್ತದೆ, ಈ ಚೂರು ಮೊದಲೇ ಬೇರೆಯಾಗಿರುತ್ತದೆ. ಇನ್ನೊಂದು ತೊಂದರೆ ಬಣ್ಣದ್ದು. ಮೈಯೊಳಗಿನ ಪಾಚಿಯಿಂದ ಎಷ್ಟೋ ಅನಿಮೋನ್‌ಗಳು ಕಂದು ಬಣ್ಣಕ್ಕಿರುತ್ತವೆ. ‘ಕಂದು ಕಾಣಿಸಿತು’ ಅಂತ ಬರೆದರೆ ಓದುವವರು ಏನೆಂದುಕೊಳ್ಳಬೇಕು?

ಹಾಗಾಗಿ ಎರಡು ಪ್ರಶ್ನೆ. ಬಿಟ್ಟುಹೋದ ಚೂರಿನಿಂದ ಮತ್ತೆ ಬೆಳೆಯುವುದಕ್ಕೆ ನಿಮ್ಮ ಕಡೆ, ಶುಂಠಿ, ಅರಿಸಿನ, ಗೆಡ್ಡೆ ಬೆಳೆಯುವವರಲ್ಲಿ, ಬೇರೆ ಪದ ಇದೆಯಾ? ಮತ್ತೆ ಮಂಗಳೂರು, ಕಾರವಾರದ ಕಡೆಯವರೇ, ಬಂಡೆಗೆ ಅಂಟಿಕೊಂಡಿರುವ ಈ ಪ್ರಾಣಿಯನ್ನು ನಿಮ್ಮಲ್ಲಿ ಮೀನು ಹಿಡಿಯುವವರು ಏನೆನ್ನುತ್ತಾರೆ? ‘ಕಡಲ ಹೂ’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಮೀನು ತಿನ್ನುವ ಪ್ರಾಣಿಯನ್ನು ಹುಡುಗರು ಗಿಡ ಅಂದುಕೊಂಡುಬಿಡುತ್ತಾರೆ.