ಹಸಿ ಪೆಟ್ ಮಾಂಸದಲ್ಲಿ ಸಲ್ಫೈಟ್: ಬೆಕ್ಕು, ನಾಯಿ ಸಾಕಿದವರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ (ಮೆಲ್ಬರ್ನ್‌ನ ಸದಸ್ಯೆ): ನಮಸ್ಕಾರ ಡಾಕ್ಟರೇ. ನಮ್ಮ ಮನೆಯ ನಾಲ್ಕು ವರ್ಷದ ಬೆಕ್ಕು ಒಣ ಆಹಾರವನ್ನು ಮೂಸಿಯೂ ನೋಡುವುದಿಲ್ಲ. ಹಾಗಾಗಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಾಂಗರೂ ಖೀಮಾವನ್ನೇ ಕೆಲವು ತಿಂಗಳಿಂದ ಹಾಕುತ್ತಿದ್ದೇವೆ. ಪೊಟ್ಟಣದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ಸಂರಕ್ಷಕ 223’ ಎಂದು ಅಚ್ಚಾಗಿದೆ. ಒಂದು ವಾರದಿಂದ ಬೆಕ್ಕು ಊಟ ಕಡಿಮೆ ಮಾಡಿದೆ. ನಿನ್ನೆಯಿಂದ ತಲೆಯನ್ನು ಎದೆಯ ಕಡೆಗೆ ಬಗ್ಗಿಸಿಕೊಂಡು ಕೂರುತ್ತಿದೆ. ಈ 223 ಎಂದರೆ ಏನು? ಎರಡಕ್ಕೂ ಸಂಬಂಧವಿರಬಹುದೇ?

ಉತ್ತರ: ಮೊದಲು ಈ ಬರಹವನ್ನು ಪಕ್ಕಕ್ಕಿಟ್ಟು ಹತ್ತಿರದ ಪಶುವೈದ್ಯರಿಗೆ ಫೋನ್ ಮಾಡಿ, ‘ಸಲ್ಫೈಟ್ ಇರುವ ಖೀಮಾ ತಿನ್ನಿಸುತ್ತಿದ್ದೇವೆ, ಬೆಕ್ಕು ಕತ್ತು ಬಗ್ಗಿಸಿಕೊಂಡಿದೆ’ ಎಂದು ಇದೇ ಮಾತುಗಳಲ್ಲಿ ಹೇಳಿ, ಇವತ್ತೇ ಕರೆದುಕೊಂಡು ಹೋಗಿ. ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಪೊಟ್ಯಾಸಿಯಂ ಕೊರತೆಯಂಥ ಬೇರೆ ಕಾರಣಗಳಿಂದಲೂ ಕತ್ತು ಹೀಗೆ ಬಾಗುವುದುಂಟು. ಆದರೆ ನೀವು ಕೊಟ್ಟಿರುವ ಆಹಾರದ ವಿವರ ನೋಡಿದರೆ ಮೊದಲು ಅನುಮಾನಿಸಬೇಕಾದದ್ದು ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆಯನ್ನು. ಮುಂದಿನ ಹಂತದಲ್ಲಿ ಕಣ್ಣಿನ ಪಾಪೆ ಹಿಗ್ಗುವುದು, ನಡೆಯುವಾಗ ತೂರಾಡುವುದು, ಸೆಳವು ಬರುವುದು ಶುರುವಾಗುತ್ತದೆ, ಅಲ್ಲಿಯವರೆಗೆ ಕಾಯಬಾರದು.

ಇನ್ನು 223 ಎಂದರೆ ಸೋಡಿಯಂ ಮೆಟಾಬೈಸಲ್ಫೈಟ್. 220ರಿಂದ 228ರವರೆಗಿನ ಸಂಖ್ಯೆಗಳಲ್ಲಿ ಬರುವ ಗಂಧಕದ ಡೈಆಕ್ಸೈಡ್ ಮತ್ತು ಅದರ ಲವಣಗಳ ಗುಂಪಿಗೆ ಇದು ಸೇರಿದೆ, ಈ ಗುಂಪನ್ನೇ ಸಲ್ಫೈಟ್ ಎನ್ನುವುದು. ಒಣದ್ರಾಕ್ಷಿಯಲ್ಲಿ, ವೈನಿನಲ್ಲಿ ಇರುವುದೂ ಇದೇ ಗುಂಪಿನ ಪದಾರ್ಥ. ಮಾಂಸಕ್ಕೆ ಹಾಕಿದಾಗ ಇದು ಎರಡು ಕೆಲಸ ಮಾಡುತ್ತದೆ: ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ತಡೆಯುತ್ತದೆ, ಮತ್ತು ಹಳೆಯದಾಗುತ್ತಿರುವ ಮಾಂಸದ ಕೆಂಪು ಬಣ್ಣವನ್ನು ಹಾಗೆಯೇ ಹಿಡಿದಿಡುತ್ತದೆ. ಆದ್ದರಿಂದ ಕೆಲವು ದಿನ ಫ್ರಿಜ್ಜಿನಲ್ಲಿದ್ದರೂ ಆಗ ತಾನೇ ಕೊಚ್ಚಿದಂತೆ ಕಾಣುವ ಖೀಮಾ ಕಂಡರೆ ನನಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚು.

ತೊಂದರೆ ಇರುವುದು ಸಲ್ಫೈಟಿನ ನೇರ ವಿಷಗುಣದಲ್ಲಿ ಎನ್ನುವುದಕ್ಕಿಂತ ಅದು ಥಯಾಮಿನ್‌ಗೆ ಮಾಡುವ ಹಾನಿಯಲ್ಲಿ. ಥಯಾಮಿನ್ ಅಣುವಿನಲ್ಲಿ ಎರಡು ಉಂಗುರಗಳನ್ನು ಕೂಡಿಸುವ ಕೊಂಡಿಯೊಂದಿದೆ. ಸಲ್ಫೈಟ್ ಅದನ್ನು ಕತ್ತರಿಸಿಬಿಡುತ್ತದೆ, ಆಮೇಲೆ ಉಳಿದ ತುಂಡುಗಳಿಂದ ದೇಹಕ್ಕೆ ಯಾವ ಪ್ರಯೋಜನವೂ ಇಲ್ಲ. ಸಕ್ಕರೆಯಿಂದ ಶಕ್ತಿ ಪಡೆಯುವ ಕ್ರಿಯೆಗೆ ಥಯಾಮಿನ್ ಬೇಕೇ ಬೇಕು, ಮಿದುಳು ಆ ಶಕ್ತಿಯನ್ನೇ ನೆಚ್ಚಿಕೊಂಡಿರುವುದರಿಂದ ಮೊದಲು ಪೆಟ್ಟು ತಿನ್ನುವುದು ನರಮಂಡಲ. ಬೆಕ್ಕಿಗೆ ನಾಯಿಗಿಂತ ಹೆಚ್ಚು ಥಯಾಮಿನ್ ಬೇಕು: ಅಮೆರಿಕದ ಪಶು ಆಹಾರ ನಿಯಂತ್ರಕರ ಒಕ್ಕೂಟದ ಮಾನದಂಡದ ಪ್ರಕಾರ ಒಂದು ಕಿಲೋ ಒಣ ಅಂಶಕ್ಕೆ ನಾಯಿಗೆ ಕನಿಷ್ಠ 2.25 ಮಿಲಿಗ್ರಾಂ ಸಾಕು, ಬೆಕ್ಕಿಗೆ 5.6 ಮಿಲಿಗ್ರಾಂ ಬೇಕು. ದೇಹದಲ್ಲಿ ಅದರ ದಾಸ್ತಾನೂ ಹೆಚ್ಚಿರುವುದಿಲ್ಲ. ಹಾಗಾಗಿ ಕೆಲವೇ ವಾರಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳಬಹುದು.

ಪ್ರಶ್ನೆ (ಸಿಡ್ನಿಯ ಸದಸ್ಯರು): ಇಷ್ಟು ಅಪಾಯವಿರುವುದನ್ನು ಆಸ್ಟ್ರೇಲಿಯಾದಂಥ ದೇಶದಲ್ಲಿ ಮಾರಲು ಹೇಗೆ ಬಿಡುತ್ತಾರೆ? ನಾವು ತಿನ್ನುವ ಖೀಮಾದಲ್ಲೂ ಇದು ಇರುತ್ತದೆಯೇ?

ಉತ್ತರ: ಎರಡನೆಯ ಪ್ರಶ್ನೆಯ ಉತ್ತರ ಸಮಾಧಾನದ್ದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಆಹಾರ ಸಂಹಿತೆಯ ಪ್ರಕಾರ ಮನುಷ್ಯರಿಗೆ ಮಾರುವ ಹಸಿ ಖೀಮಾಕ್ಕೆ ಸಲ್ಫೈಟ್ ಸೇರಿಸುವಂತಿಲ್ಲ. ಸಾಸೇಜಿಗೆ ಮಾತ್ರ ಕಿಲೋಗೆ 500 ಮಿಲಿಗ್ರಾಂವರೆಗೆ ಅನುಮತಿಯಿದೆ, ಆದ್ದರಿಂದ ಬಾರ್ಬೆಕ್ಯೂ ಮುಗಿದ ಮೇಲೆ ಉಳಿದ ಸಾಸೇಜುಗಳನ್ನು ದಿನವೂ ಬೆಕ್ಕಿಗೆ ಹಾಕುವ ಪದ್ಧತಿ ಬೇಡ. ಸಾಕುಪ್ರಾಣಿಗಳ ಮಾಂಸ ಮನುಷ್ಯರ ಆಹಾರವಲ್ಲವಾದ್ದರಿಂದ ಈ ಸಂಹಿತೆ ಅದಕ್ಕೆ ಅನ್ವಯಿಸುವುದಿಲ್ಲ.

ಅದಕ್ಕೆಂದೇ ‘ಎಎಸ್ 5812’ (ಎಎಸ್ ಎಂದರೆ ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್) ಎಂಬ ಪ್ರತ್ಯೇಕ ಮಾನಕವಿದೆ. ಸಲ್ಫೈಟ್ ಬಳಸಿದ ಆಹಾರದಲ್ಲಿ ಸಾಕಷ್ಟು ಥಯಾಮಿನ್ ಉಳಿದಿರಬೇಕೆಂದು ಅದು ಹೇಳುತ್ತದೆ. ಆದರೆ ಮಾನಕವನ್ನು ಪಾಲಿಸುವುದು ಬಹುಮಟ್ಟಿಗೆ ತಯಾರಕರ ಇಚ್ಛೆಗೆ ಬಿಟ್ಟದ್ದು. 2018ರಲ್ಲಿ ಆಸ್ಟ್ರೇಲಿಯಾ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಯೊಂದು ಸಾಕುಪ್ರಾಣಿಗಳ ಆಹಾರದ ನಿಯಂತ್ರಣವನ್ನು ಕುರಿತು ವಿಚಾರಣೆ ನಡೆಸಿದಾಗ ಚರ್ಚೆಯ ಕೇಂದ್ರದಲ್ಲಿದ್ದುದೂ ಈ ಐಚ್ಛಿಕತೆಯೇ. ನಮ್ಮ ವೃತ್ತಿಯವರಿಗಂತೂ ಇದು ಹೊಸ ಸಂಗತಿಯೇನಲ್ಲ. ಗಂಧಕದ ಡೈಆಕ್ಸೈಡ್ ಹಾಕಿದ ಮಾಂಸ ತಿಂದು ಬೆಕ್ಕು, ನಾಯಿಗಳಿಗೆ ಥಯಾಮಿನ್ ಕೊರತೆಯಾದ ವರದಿ 1991ರಲ್ಲೇ ಆಸ್ಟ್ರೇಲಿಯನ್ ವೆಟರ್ನರಿ ಜರ್ನಲ್‌ನಲ್ಲಿ ಪ್ರಕಟವಾಗಿತ್ತು. 2005ರಲ್ಲಿ ಅದೇ ಪತ್ರಿಕೆಯಲ್ಲಿ ಮತ್ತೆ ಅಂಥವೇ ಪ್ರಕರಣಗಳು ಬಂದವು. ಗೊತ್ತಿದ್ದೂ ಮುಂದುವರಿದಿರುವ ತೊಂದರೆ ಇದು, ಈ ವಿಷಯದಲ್ಲಿ ನನಗೆ ಬೇಸರವಿದೆ.

ಪ್ರಶ್ನೆ (ಪರ್ತ್‌ನ ಸದಸ್ಯೆ): ಫ್ರೀಜರಿನಲ್ಲಿ ಎರಡು ಕಿಲೋ ಪೆಟ್ ಖೀಮಾ ಉಳಿದಿದೆ. ಚೆನ್ನಾಗಿ ತೊಳೆದು ಬೇಯಿಸಿದರೆ ಅಥವಾ ಬಿ1 ಮಾತ್ರೆ ಪುಡಿ ಮಾಡಿ ಬೆರೆಸಿದರೆ ಆಗುವುದಿಲ್ಲವೇ? ವಾರಕ್ಕೆ ಎರಡು ಸಲ ಮಾತ್ರ ಕೊಟ್ಟರೆ?

ಉತ್ತರ: ಬೆಕ್ಕಿಗೆಂದು ಇಟ್ಟಿದ್ದರೆ ಕಸಕ್ಕೆ ಎಸೆದುಬಿಡಿ. ಕೊಚ್ಚಿದ ಮಾಂಸದ ಕಣಕಣಕ್ಕೂ ಸಂರಕ್ಷಕ ಬೆರೆತಿರುವುದರಿಂದ ತೊಳೆದು ತೆಗೆಯಲಾಗದು. ಬೇಯಿಸಿದಾಗ ಸ್ವಲ್ಪ ಸಲ್ಫೈಟ್ ಹೋಗಬಹುದಾದರೂ ಅಷ್ಟರಲ್ಲಿ ಥಯಾಮಿನ್ ನಾಶವಾಗಿರುತ್ತದೆ, ಶಾಖವೂ ತನ್ನ ಪಾಲಿನದನ್ನು ನಾಶಮಾಡುತ್ತದೆ. ಮಾತ್ರೆಯ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ, ಆದರೆ ಸಲ್ಫೈಟ್ ತಾನಿರುವ ಮಾಂಸದ ಥಯಾಮಿನನ್ನು ಮುರಿದು ಸುಮ್ಮನಾಗುವುದಿಲ್ಲ. ಅದೇ ಬಟ್ಟಲಿಗೆ ಬಿದ್ದ ಮಾತ್ರೆಯನ್ನೂ, ಯೀಸ್ಟನ್ನೂ, ಜೊತೆಗೆ ಬೆರೆಸಿದ ಒಳ್ಳೆಯ ಒಣ ಆಹಾರದ ಥಯಾಮಿನನ್ನೂ ಮುರಿಯುತ್ತದೆ. ‘ಅರ್ಧ ಒಳ್ಳೆಯ ಆಹಾರ, ಅರ್ಧ ಪೆಟ್ ಖೀಮಾ ಕೊಡುತ್ತೇವೆ, ಸಮತೋಲನವಾಗುತ್ತದೆ’ ಎನ್ನುವವರು ಗಮನಿಸಬೇಕಾದ ಸಂಗತಿ ಇದೇ: ಒಟ್ಟಿಗೆ ಕಲಸಿದಾಗ ಒಳ್ಳೆಯ ಅರ್ಧವೂ ಕೆಡುತ್ತದೆ.

ವಾರಕ್ಕೆರಡು ಸಲ, ಬೇರೆ ಹೊತ್ತಿನಲ್ಲಿ, ಉಳಿದಂತೆ ಸಂಪೂರ್ಣ ಆಹಾರ ತಿನ್ನುವ ಆರೋಗ್ಯವಂತ ದೊಡ್ಡ ನಾಯಿಗೆ ಕೊಟ್ಟರೆ ಅಪಾಯ ಕಡಿಮೆ. ಕಡಿಮೆ ಎಂದೆ, ಇಲ್ಲವೆಂದಲ್ಲ.

ಪ್ರಶ್ನೆ (ಬ್ರಿಸ್ಬೇನ್‌ನ ಸದಸ್ಯರು): ನನ್ನದು ಲ್ಯಾಬ್ರಡಾರ್. ಹಸಿ ಮಾಂಸ ಕೊಡಲೇಬೇಕೆಂಬ ಆಸೆ. ಹಾಗಾದರೆ ಏನನ್ನು ಕೊಳ್ಳಬೇಕು? ಒಮ್ಮೆ ತಂದ ಮಾಂಸದಲ್ಲಿ ನೀಲಿ ಬಣ್ಣದ ಕಲೆ ಇತ್ತು, ಅದೂ ಸಂರಕ್ಷಕವೇ?

ಉತ್ತರ: ನೀಲಿ ಬಣ್ಣ ಸಂರಕ್ಷಕವಲ್ಲ. ಪ್ರಾಣಿಗಳಿಗೆಂದು ಮೀಸಲಾದ ಮಾಂಸ ಕಣ್ತಪ್ಪಿ ಮನುಷ್ಯರ ಅಡುಗೆಮನೆ ಸೇರದಿರಲಿ ಎಂದು ಹಚ್ಚುವ ಗುರುತು ಅದು, ಅದರಿಂದ ಹಾನಿಯಿಲ್ಲ. ಆದರೆ ಆ ಮಾಂಸ ಮನುಷ್ಯರ ಆಹಾರಕ್ಕಿರುವ ತಪಾಸಣೆಯ ಸರಪಳಿಯಿಂದ ಹೊರಗಿನದು ಎಂಬುದನ್ನು ಆ ಬಣ್ಣವೇ ಹೇಳುತ್ತದೆ. 2021ರಲ್ಲಿ ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡ್ ಭಾಗದಲ್ಲಿ ಹಾಗೂ ಇತರೆಡೆ 20ಕ್ಕೂ ಹೆಚ್ಚು ನಾಯಿಗಳು ಯಕೃತ್ತು ಕೆಟ್ಟು ಸತ್ತಾಗ ಪತ್ತೆಯಾದದ್ದು ಇಂಡೋಸ್ಪಿಸಿನ್ ಎಂಬ ಸಸ್ಯವಿಷ. ಉತ್ತರದ ಒಣನಾಡಿನಲ್ಲಿ ಬೆಳೆಯುವ ಇಂಡಿಗೋಫೆರಾ ಜಾತಿಯ ಗಿಡಗಳನ್ನು ಮೇಯುವ ಕುದುರೆ, ಒಂಟೆಗಳ ಮಾಂಸದಲ್ಲಿ ಅದು ಶೇಖರವಾಗುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಸಂರಕ್ಷಕವಿಲ್ಲ ಎಂದ ಮಾತ್ರಕ್ಕೆ ಮಾಂಸ ಸುರಕ್ಷಿತವಾಗಿಬಿಡುವುದಿಲ್ಲ ಎಂದು ತೋರಿಸಲು ಈ ಪ್ರಸಂಗವನ್ನು ಹೇಳಿದೆ. ಮೂಲ ಗೊತ್ತಿಲ್ಲದ ಕುದುರೆ, ಒಂಟೆ ಮಾಂಸವನ್ನು ನಾನಾದರೆ ಮುಟ್ಟುವುದಿಲ್ಲ.

ಕೊಳ್ಳಬೇಕಾದದ್ದು ಮನುಷ್ಯರಿಗಾಗಿ ಮಾರುವ ಮಾಂಸ. ಕಿಲೋಗೆ ಒಂದಿಷ್ಟು ಡಾಲರ್ ಹೆಚ್ಚಾಗುತ್ತದೆ, ಆದರೆ ಪರಿಚಯದ ಅಂಗಡಿಯಲ್ಲಿ ಇಡೀ ತುಂಡನ್ನು ಕೊಂಡು ಕಣ್ಣೆದುರೇ ಕೊಚ್ಚಿಸಿಕೊಳ್ಳಬಹುದು. ಬಿಡಿಯಾಗಿ ತೂಗಿ ಕೊಡುವ ಪೆಟ್ ಖೀಮಾಕ್ಕೆ ವಿವರದ ಚೀಟಿ ಇರುವುದೇ ಅಪರೂಪವಾದ್ದರಿಂದ ಬಾಯಿಬಿಟ್ಟು ಕೇಳಲೇಬೇಕು. ‘ಸಂರಕ್ಷಕ ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಸುಲಭದ ಉತ್ತರ ಬರಬಹುದು, ‘ಮೆಟಾಬೈಸಲ್ಫೈಟ್ ಅಥವಾ 220ರ ಸಾಲಿನ ಯಾವುದಾದರೂ ಹಾಕುತ್ತೀರಾ’ ಎಂದು ಹೆಸರು ಹಿಡಿದು ಕೇಳಿ. ಪೆಟ್ ರೋಲ್‌ಗಳಲ್ಲಿ (ಸಾಕುಪ್ರಾಣಿಗಳಿಗೆಂದು ಉರುಳೆಯಾಕಾರದಲ್ಲಿ ಮಾರುವ ಮಾಂಸದಲ್ಲಿ) ಕಾಣುವ 202, ಅಂದರೆ ಪೊಟ್ಯಾಸಿಯಂ ಸಾರ್ಬೇಟ್, ಥಯಾಮಿನ್‌ಗೆ ಇಂಥ ಹಾನಿ ಮಾಡುವುದಿಲ್ಲ. 210ರಿಂದ 213ರವರೆಗಿನ ಬೆಂಜೋಯಿಕ್ ಆಮ್ಲದ ಗುಂಪನ್ನು ಮಾತ್ರ ಬೆಕ್ಕಿನ ಮನೆಯವರು ದೂರವಿಡಬೇಕು, ಬೆಕ್ಕಿನ ದೇಹ ಅದನ್ನು ನಿಧಾನವಾಗಿ ಹೊರಹಾಕುತ್ತದೆ.

ಆಮೇಲೆ ಇನ್ನೊಂದು ವಿಷಯ, ಬಹುಶಃ ನಿಮಗೆ ಇಷ್ಟವಾಗದು: ಎಷ್ಟೇ ಶುದ್ಧವಾದ ಖೀಮಾ ಆದರೂ ಅದೊಂದೇ ಊಟವಾಗಲಾರದು. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ತೀರಾ ಕಡಿಮೆ. ಅದನ್ನೇ ತಿಂದು ಬೆಳೆದ ಮರಿಗಳ ಮೂಳೆ ಮೆದುವಾಗಿ ಮುರಿಯುವುದನ್ನು ನಾವು ಕಾಣುತ್ತೇವೆ. ದಿನದ ಊಟದ ಹೆಚ್ಚಿನ ಪಾಲು ‘ಸಂಪೂರ್ಣ ಮತ್ತು ಸಮತೋಲಿತ’ ಎಂದು ಘೋಷಿಸಿ, ಎಎಸ್ 5812 ಪಾಲಿಸುತ್ತೇವೆಂದು ಹೇಳುವ ಆಹಾರದಿಂದ ಬರಲಿ, ಮಾಂಸ ಮೇಲೋಗರವಾಗಿರಲಿ. ಹಸಿ ಕೋಳಿಯನ್ನು, ಅದರಲ್ಲೂ ಕುತ್ತಿಗೆಯನ್ನು ಕೊಡುವವರು, ಅದರೊಂದಿಗೆ ಬರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿಗೂ ನಾಯಿಗಳ ಒಂದು ಬಗೆಯ ಪಾರ್ಶ್ವವಾಯುವಿಗೂ ಇರುವ ನಂಟನ್ನು ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿರುವುದನ್ನು ತಿಳಿದಿರಬೇಕು.

ಮೊದಲ ಸದಸ್ಯೆ: ಆಸ್ಪತ್ರೆಗೆ ಹೋಗಿ ಬಂದೆವು. ಥಯಾಮಿನ್ ಚುಚ್ಚುಮದ್ದು ಕೊಟ್ಟರು. ಈಗ ತಲೆ ಎತ್ತುತ್ತಿದೆ, ಸ್ವಲ್ಪ ತಿಂದಿದೆ. ಇನ್ನು ಎಷ್ಟು ದಿನ ಎಚ್ಚರ ಬೇಕು?

ಉತ್ತರ: ಬೇಗ ಕರೆದೊಯ್ದದ್ದು ಒಳ್ಳೆಯದಾಯಿತು. ಒಂದೆರಡು ದಿನದಲ್ಲಿ ಗೆಲುವಾದರೂ ನಿಮ್ಮ ವೈದ್ಯರು ಹೇಳಿದಷ್ಟು ವಾರ ಬಾಯಿಯ ಮೂಲಕ ಥಯಾಮಿನ್ ಮುಂದುವರಿಸಿ, ನಡಿಗೆಯಲ್ಲಿ ತೂರಾಟ ಉಳಿದಿದೆಯೇ ಎಂದು ನೋಡುತ್ತಿರಿ. ಒಣ ಆಹಾರ ಒಲ್ಲದ ಬೆಕ್ಕಿಗೆ ಡಬ್ಬಿಯಲ್ಲಿ ಬರುವ ಸಂಪೂರ್ಣ ಆಹಾರವನ್ನು ತುಸು ಬೆಚ್ಚಗೆ ಮಾಡಿ ಕೊಟ್ಟು ನೋಡಿ. ಹಟ ಮಾಡಿ ಉಪವಾಸ ಕೆಡವಬೇಡಿ, ಬೆಕ್ಕು ಕೆಲವು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಇನ್ನೊಂದು ಕಾಯಿಲೆ ಶುರುವಾಗುತ್ತದೆ.

ಪ್ರಶ್ನೆ (ಉಡುಪಿಯ ಸದಸ್ಯರು): ನಮ್ಮಲ್ಲಿ ಇಂಥ ಪೊಟ್ಟಣದ ಮಾಂಸವಿಲ್ಲ. ಬೆಕ್ಕಿಗೆ ದಿನವೂ ಹಸಿ ಬೂತಾಯಿ ಮೀನು. ನಮಗೆ ಈ ಭಯವಿಲ್ಲವಲ್ಲ?

ಉತ್ತರ: ಸಲ್ಫೈಟಿನ ಭಯವಿಲ್ಲ, ಥಯಾಮಿನಿನದು ಇದೆ. ಬೂತಾಯಿಯ ಬಳಗದ ಹಲವು ಜಾತಿಯ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿರುತ್ತದೆ, ಅದೂ ಥಯಾಮಿನನ್ನು ಮುರಿಯುವಂಥದ್ದೇ. ಸಲ್ಫೈಟಿಗಿಂತ ಇದನ್ನು ನಿಭಾಯಿಸುವುದು ಸುಲಭ, ಏಕೆಂದರೆ ಚೆನ್ನಾಗಿ ಬೇಯಿಸಿದರೆ ಕಿಣ್ವ ಸಾಯುತ್ತದೆ. ಆದರೂ ಎಣ್ಣೆಯಂಶ ಹೆಚ್ಚಿರುವ ಮೀನನ್ನೇ ನಿತ್ಯವೂ ತಿಂದರೆ ಇ ಜೀವಸತ್ವದ ಕೊರತೆಯಾಗಿ ಚರ್ಮದಡಿಯ ಕೊಬ್ಬು ಉರಿಯೂತಗೊಂಡು, ಬೆಕ್ಕು ಮುಟ್ಟಿಸಿಕೊಳ್ಳಲೂ ಒಪ್ಪದಷ್ಟು ನೋವು ತಿನ್ನುತ್ತದೆ. ಆದ್ದರಿಂದ ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆ ಎರಡು ಮೂರು ದಿನ ಮೀನು ಕೊಡಿ. ಉಳಿದ ದಿನಗಳಿಗೆ ಸಂಪೂರ್ಣ ಬೆಕ್ಕಿನ ಆಹಾರದ ಒಂದು ಚೀಲ ಉಡುಪಿಯಲ್ಲೇ ಸಿಗುತ್ತದೆ.