ಎಪಿಎಲ್ ಕಾರ್ಡಿನ ಟಿಬಿ ರೋಗಿಗೆ ನಿಕ್ಷಯ್ (ಸರ್ಕಾರದ ಟಿಬಿ ನೋಂದಣಿ ಪೋರ್ಟಲ್) ದುಡ್ಡು ಬರುತ್ತಾ? ಹೆಸರು ನಮೂದಿಸೋದು ಯಾರ ಕೆಲಸ?

ಕೌಂಟರ್ ಮೇಡಂ, ತುಮಕೂರು ಕಡೆ:
ಸಣ್ಣ ನರ್ಸಿಂಗ್ ಹೋಮ್ ಒಂದರ ಕೌಂಟರ್‌ನಲ್ಲಿ ಕೂರುತ್ತೇನೆ. ಆಧಾರ್, ರೇಷನ್ ಕಾರ್ಡ್ ನೋಡಿ ಯಾರಿಗೆ ಯಾವ ಯೋಜನೆ ಅಂತ ಹೇಳೋದೂ ನಾನೇ. ಮೊನ್ನೆ ಆಟೋ ಓಡಿಸುವವರೊಬ್ಬರಿಗೆ ಕಫದಲ್ಲಿ ಟಿಬಿ ಅಂತ ಬಂತು. ಎಪಿಎಲ್ ಕಾರ್ಡು. "ನಮಗೇನೂ ಸಿಗಲ್ಲ, ಮತ್ಯಾಕೆ ಸರ್ಕಾರಕ್ಕೆ ಹೆಸರು?" ಅಂತಾರೆ. ಮಗಳಿಗೆ ಗಂಡು ನೋಡ್ತಿದ್ದಾರಂತೆ, ಆಶಾ ಮನೆ ಬಾಗಿಲಿಗೆ ಬಂದರೆ ಕಷ್ಟ ಅಂತ ಅವರ ಹೆಂಡತಿ. ಡಾಕ್ಟರು "ಲ್ಯಾಬ್‌ನವರು ಹಾಕ್ತಾರೆ" ಅಂದರು, ಲ್ಯಾಬ್‌ನವರು "ಡಾಕ್ಟರದ್ದು" ಅಂದರು. ಮಧ್ಯೆ ನಾನು!

ಎಸ್‌ಟಿಎಸ್ (ಟಿಬಿ ಚಿಕಿತ್ಸೆಯ ಹಿರಿಯ ಮೇಲ್ವಿಚಾರಕರು), ತಾಲೂಕು ಟಿಬಿ ಯೂನಿಟ್:
ಮೇಡಂ, ನೀವು ಆಯುಷ್ಮಾನ್ ಲೆಕ್ಕವನ್ನ ಇಲ್ಲಿಗೆ ತಂದಿದ್ದೀರಿ. ಅಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್‌ಗೆ ಚಿಕಿತ್ಸೆಯ ಪ್ಯಾಕೇಜ್ ದರದ 30 ಪರ್ಸೆಂಟ್. ಟಿಬಿಗೆ ಕಾರ್ಡಿನ ಬಣ್ಣ ಯಾರೂ ನೋಡಲ್ಲ. ನಿಕ್ಷಯ್‌ನಲ್ಲಿ ಹೆಸರು ಇದೆಯಾ, ಬ್ಯಾಂಕ್ ಖಾತೆ ಇದೆಯಾ, ಅಷ್ಟೇ. ಖಾಸಗಿಯಲ್ಲಿ ತೋರಿಸಿಕೊಂಡರೂ ನಡೆಯುತ್ತೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ಇತ್ತು, 2024ರ ನವೆಂಬರ್‌ನಿಂದ 1000 ರೂಪಾಯಿ. ಹೆಸರೇ ಹಾಕದಿದ್ದರೆ ಅದು ಬರೋದೇ ಇಲ್ಲ. ಅವರಿಗೆ ಇದನ್ನೇ ಹೇಳಿ.

ಯಾರು ಹಾಕಬೇಕು ಅಂದರೆ, ಇಬ್ಬರೂ. ಟಿಬಿ ಅಂತ ಗೊತ್ತಾದರೆ ಸರ್ಕಾರಕ್ಕೆ ತಿಳಿಸೋದು 2012ರಿಂದ ಕಡ್ಡಾಯ. 2018ರ ಮಾರ್ಚ್ ಗೆಜೆಟ್‌ನಲ್ಲಿ ಡಾಕ್ಟರು, ಲ್ಯಾಬ್, ಮೆಡಿಕಲ್ ಸ್ಟೋರ್ ಎಲ್ಲರನ್ನೂ ಸೇರಿಸಿದ್ದಾರೆ. ತಿಳಿಸದಿದ್ದರೆ ಆಗಿನ ಐಪಿಸಿ 269, 270 (ಸೋಂಕು ಹರಡಿಸುವ ಅಪರಾಧದ ಕಲಂ) ಅಂತಲೂ ಬರೆದಿದೆ. ಆದರೆ ಡಾಕ್ಟರನ್ನ ಹೆದರಿಸೋಕೆ ಹೋಗಬೇಡಿ. ತಿಳಿಸಿದ್ದಕ್ಕೆ ಅವರಿಗೂ 500 ರೂಪಾಯಿ ಪ್ರೋತ್ಸಾಹಧನ ಇದೆ ಅನ್ನಿ. ಅದು ಬೇಗ ಕೆಲಸ ಮಾಡುತ್ತೆ.

ಮನೆ ಭೇಟಿ ತಪ್ಪಿಸೋಕಾಗಲ್ಲ. ಮನೆಯಲ್ಲಿ ಬೇರೆಯವರಿಗೆ ಕೆಮ್ಮು, ಜ್ವರ ಇದೆಯಾ ನೋಡಬೇಕು. ಇಲ್ಲದವರಿಗೆ ತಡೆ ಮಾತ್ರೆ ಕೊಡುತ್ತಾರೆ, ಆ ಮಗಳಿಗೂ. ಆದರೆ ಹೇಗೆ ಬರಬೇಕು ಅನ್ನೋದನ್ನ ಫೋನಿನಲ್ಲಿ ಮೊದಲೇ ಮಾತಾಡಿಕೊಳ್ಳಬಹುದು. ಆಟೋ ಸ್ಟ್ಯಾಂಡಿನಲ್ಲಿ ಮಾತಾಡಿಸಿದ್ದೂ ಇದೆ.

ಲ್ಯಾಬ್ ಟೆಕ್ನಿಷಿಯನ್:
ನಮ್ಮ ಮೇಲೆ ಸಿಟ್ಟು ಬೇಡ ಮೇಡಂ. ನಮಗೆ ಬರೋ ಸ್ಲಿಪ್‌ನಲ್ಲಿ ಎಷ್ಟೋ ಸಲ ಹೆಸರು, ವಯಸ್ಸು ಬಿಟ್ಟರೆ ಏನೂ ಇರಲ್ಲ. ವಿಳಾಸ ಇಲ್ಲದೆ, ಫೋನ್ ಇಲ್ಲದೆ ಏನಂತ ಹಾಕೋದು? ಕೌಂಟರ್‌ನಲ್ಲೇ ಎರಡನ್ನೂ ಬರೆದು ಕಳಿಸಿ. ಡೆಂಗಿಗೂ ಇದೇ ಗೋಳು. 2024ರಲ್ಲಿ ರಾಜ್ಯ ಅದನ್ನ ಸಾಂಕ್ರಾಮಿಕ ಅಂತ ಘೋಷಿಸಿತು ನೋಡಿ, ಆಗಲೂ ವಿಳಾಸ ಹುಡುಕೋದೇ ಕೆಲಸ. ಡೆಂಗಿಗೆ ಕಾರ್ಡ್ ಟೆಸ್ಟ್ (ಬೇಗ ಫಲಿತಾಂಶ ಕೊಡುವ ಪರೀಕ್ಷೆ) ಪಾಸಿಟಿವ್ ಬಂದರೆ ಅದೊಂದೇ ಖಚಿತ ಅಲ್ಲ, ಎಲೈಸಾ ಅನ್ನೋ ಲ್ಯಾಬ್ ರಕ್ತಪರೀಕ್ಷೆ ಬೇಕು. ರಿಪೋರ್ಟ್‌ನಲ್ಲಿ ಯಾವ ಟೆಸ್ಟ್ ಅಂತ ನೋಡಿ ಹೇಳಿ.

ಕೌಂಟರ್ ಮೇಡಂ:
ಸ್ಲಿಪ್ ವಿಷಯ ಒಪ್ಪಿದೆ. ಎಸ್‌ಟಿಎಸ್ ಸರ್, ನಮ್ಮ ಡಾಕ್ಟರ ನಿಕ್ಷಯ್ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ರೋಗಿಗೆ ಖಾತೆಯೂ ಇಲ್ಲ, ಹೆಂಡತಿಗೆ ಇದೆ.

ಎಸ್‌ಟಿಎಸ್, ತಾಲೂಕು ಟಿಬಿ ಯೂನಿಟ್:
ಪಾಸ್‌ವರ್ಡ್‌ಗೆ ಕಾಯಬೇಡಿ. ಕಾಗದದ ಫಾರ್ಮ್ ತುಂಬಿ ಡಾಕ್ಟರ ಸಹಿ ಹಾಕಿಸಿ ನಿಮ್ಮ ತಾಲೂಕಿನ ಯೂನಿಟ್‌ಗೆ ಕೊಡಿ, ಅವರು ಎಂಟ್ರಿ ಮಾಡುತ್ತಾರೆ. ಖಾತೆಗೆ ಮನೆಯವರದ್ದು ಕೊಡಬಹುದಾ ಅಂತ ಅಲ್ಲೇ ಕೇಳಿ, ರೋಗಿಯಿಂದ ಒಪ್ಪಿಗೆ ಬರೆಸಿಕೊಳ್ಳಿ. ಪಾಸ್‌ಬುಕ್ ಜೆರಾಕ್ಸ್‌ನಲ್ಲಿ ಐಎಫ್‌ಎಸ್‌ಸಿ ಸರಿಯಾಗಿ ಕಾಣಲಿ, ಅಲ್ಲೇ ಜಾಸ್ತಿ ಸಿಕ್ಕಿಕೊಳ್ಳೋದು.